ಅವಧಿಯಿಲ್ಲದ ಬಂಧನ

ಗುಳೆ ಹೋಗುವುದು ನಮ್ಮೂರು ನವಲಿಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಕಾರಟಗಿ, ಸಿಂಧನೂರಿನ ಕಡೆ ಎರಡು ಬೆಳೆ ಭತ್ತ ಕೊಡುತ್ತದೆ. ಮಳೆಯನ್ನೇ ನಂಬಿದ ಹೊಲದವರಿಗೆ ಆ ಭಾಗ್ಯವಿಲ್ಲ. ಸುಗ್ಗಿ ಮುಗಿಯುತ್ತಲೇ ಅವರು ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಹೋದ ಊರಲ್ಲಿ ತಗಡಿನ ಶೆಡ್ಡೇ ಮನೆ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಅಲ್ಲಿರುವವರೆಲ್ಲ ಬಾಂಗ್ಲಾದೇಶದಿಂದ ಕದ್ದು ಬಂದವರು ಎಂದು ಮಾತು ಹಬ್ಬಿಸಲಾಗಿತ್ತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರಿದ್ದರು, ಅಸ್ಸಾಂ, ತ್ರಿಪುರದವರಿದ್ದರು. ಆಧಾರ್, ವೋಟರ್ ಕಾರ್ಡು ಹಿಡಿದು ತೋರಿಸಿದರು. ಪ್ರಕರಣ ಹೈಕೋರ್ಟಿಗೆ ಹೋದಾಗ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಹೀಗೆ ತೆರವು ಮಾಡಿಸಲು ಪೊಲೀಸರಿಗೆ ಅಧಿಕಾರವೆಲ್ಲಿದೆ ಎಂದು ಪ್ರಶ್ನಿಸಿತು.

ಅದೇ ಚಳಿಗಾಲದಲ್ಲಿ ನೆಲಮಂಗಲ ಸಮೀಪದ ಸೊಂಡೆಕೊಪ್ಪದಲ್ಲಿ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರ ಸಿದ್ಧವಾಯಿತು. ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿ ನಿಲಯ ಅದು. ಬಡ ಮಕ್ಕಳು ಓದಲೆಂದು ಕಟ್ಟಿದ ಕಟ್ಟಡಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಬಂದವು. ವೀಸಾ ಮುಗಿದರೂ ಉಳಿದವರು, ದಾಖಲೆಯಿಲ್ಲದೆ ಗಡಿ ದಾಟಿದವರು, ಜೈಲುಶಿಕ್ಷೆ ಮುಗಿಸಿ ಸ್ವದೇಶಕ್ಕೆ ಹೋಗಲು ಕಾದಿರುವವರು ಅಲ್ಲಿರಬೇಕು ಎಂಬುದು ವ್ಯವಸ್ಥೆ. ಶಿಕ್ಷೆ ಮುಗಿದವನನ್ನು, ಅಥವಾ ಶಿಕ್ಷೆಯನ್ನೇ ವಿಧಿಸದವನನ್ನು ಯಾವ ನ್ಯಾಯದ ಮೇಲೆ ಕೂಡಿಹಾಕುತ್ತೇವೆ? ಎಷ್ಟು ಕಾಲ?

ಸರ್ಕಾರದ ಕಡೆಯ ವಾದ ಹಗುರವಾದುದಲ್ಲ. ಯಾರು ಒಳಗೆ ಬರಬೇಕು, ಯಾರು ಇರಬಾರದು ಎಂದು ತೀರ್ಮಾನಿಸುವುದು ಪ್ರತಿ ದೇಶದ ಹಕ್ಕು. ವಿದೇಶಿಯರನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು 1955ರಲ್ಲೇ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಹಕ್ಕನ್ನು ನಾನು ಒಪ್ಪುತ್ತೇನೆ. ಆದರೆ ಕಳಿಸುವ ಹಕ್ಕು ಬೇರೆ, ಕೂಡಿಹಾಕುವ ಹಕ್ಕು ಬೇರೆ. ನಾಳೆ ವಿಮಾನ ಹತ್ತಿಸಬೇಕಾದವನನ್ನು ಇವತ್ತು ರಾತ್ರಿ ಹಿಡಿದಿಡುವುದಕ್ಕೆ ಕಾರಣವಿದೆ. ಹತ್ತಿಸಲು ವಿಮಾನವೇ ಇಲ್ಲದಿದ್ದಾಗ ಆ ಕಾರಣವೂ ಇರುವುದಿಲ್ಲ. ಎಷ್ಟೋ ಸಲ ವಿಮಾನ ಇರುವುದೂ ಇಲ್ಲ. ಇವನು ನಮ್ಮವನೆಂದು ಆ ದೇಶದ ರಾಯಭಾರ ಕಚೇರಿ ಬರೆದುಕೊಡದೆ ಯಾರನ್ನೂ ಅಲ್ಲಿಗೆ ಕಳಿಸಲಾಗದು. ಆ ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ರೋಹಿಂಗ್ಯಾಗಳ ವಿಷಯದಲ್ಲಂತೂ ಬರ್ಮಾದ 1982ರ ಪೌರತ್ವ ಕಾನೂನು ಅವರನ್ನು ತನ್ನವರೆಂದೇ ಎಣಿಸದು. ಅವರನ್ನು ಎಲ್ಲಿಗೆಂದು ಕಳಿಸುವುದು?

ಕಳ್ಳತನ ಮಾಡಿ ಮೂರು ವರ್ಷದ ಶಿಕ್ಷೆ ಪಡೆದವನಿಗೆ ಬಿಡುಗಡೆಯ ತಾರೀಕು ಗೊತ್ತಿರುತ್ತದೆ. ಸನ್ನಡತೆ ತೋರಿದರೆ ಅದು ಹತ್ತಿರವಾಗುತ್ತದೆ. ಮನೆಯಲ್ಲಿ ಸಾವಾದರೆ ಪೆರೋಲ್ ಕೇಳಬಹುದು. ಬಂಧನ ಕೇಂದ್ರದಲ್ಲಿರುವವನಿಗೆ ತಾರೀಕೇ ಇಲ್ಲ. ಅವನು ಎಷ್ಟು ಚೆನ್ನಾಗಿ ನಡೆದುಕೊಂಡರೂ ದಿನ ಕಡಿಮೆಯಾಗದು, ಏಕೆಂದರೆ ಕೀಲಿ ಇರುವುದು ಇನ್ನೊಂದು ದೇಶದ ಕಡತದಲ್ಲಿ. ನ್ಯಾಯಾಧೀಶರು ಅಪರಾಧವನ್ನು ತೂಗಿ ಅಳೆದ ಮೇಲೆ ಸಿಗುವ ಶಿಕ್ಷೆಗಿಂತ, ಯಾರೂ ಅಳೆಯದೆ ಸಿಗುವ ಈ ಬಂಧನ ಕಠಿಣವಾಗುತ್ತದೆ. ಇದನ್ನು ಆಡಳಿತಾತ್ಮಕ ಕ್ರಮವೆಂದು ಕರೆದ ಮಾತ್ರಕ್ಕೆ ಒಳಗಿರುವವನ ರಾತ್ರಿಗಳು ಬೇರೆಯಾಗುವುದಿಲ್ಲ. ನಮ್ಮ ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ಮಾತಾಡುವಾಗ ನಾಗರಿಕ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತದೆ. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ರಕ್ಷಣೆಗೆ ಸುಪ್ರೀಂ ಕೋರ್ಟ್ ನಿಂತದ್ದು ಈ ವಿಧಿಯ ಬಲದಿಂದಲೇ.

ಯಾರೂ ಅಳೆಯದ ಈ ಬಂಧನಕ್ಕೆ ಅಸ್ಸಾಮಿನ ಅನುಭವ ಸಾಕ್ಷಿ. ಅಲ್ಲಿ ವಿದೇಶಿಯರೆಂದು ಘೋಷಿತರಾದವರು ಜೈಲಿನೊಳಗಣ ಶಿಬಿರಗಳಲ್ಲಿ ವರ್ಷಗಳನ್ನು ಕಳೆದರು. ಮೂರು ವರ್ಷ ಮೀರಿದವರನ್ನು ಜಾಮೀನುದಾರರ ಮೇಲೆ ಬಿಡಬಹುದೆಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ತಲಾ ಒಂದು ಲಕ್ಷ ರೂಪಾಯಿಯ ಇಬ್ಬರು ಜಾಮೀನುದಾರರನ್ನು ಕೂಲಿಯವನು ಎಲ್ಲಿಂದ ತರಬೇಕು? 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಆ ಅವಧಿ ಎರಡು ವರ್ಷಕ್ಕೂ ಮೊತ್ತ 5,000 ರೂಪಾಯಿಗೂ ಇಳಿಯಿತು. ಒಂದು ಸೋಂಕು ಬಂದಾಗ ಇಳಿಸಲು ಸಾಧ್ಯವಾದದ್ದು ಮೊದಲೇ ಯಾಕೆ ಸಾಧ್ಯವಿರಲಿಲ್ಲ? 2023ರಲ್ಲಿ ಗೋಲ್ಪಾರಾ ಜಿಲ್ಲೆಯ ಮಾಟಿಯಾದಲ್ಲಿ 3,000 ಜನ ಹಿಡಿಸುವ ಶಿಬಿರ ಶುರುವಾಯಿತು. ಅಲ್ಲಿದ್ದ 63 ಮಂದಿಯನ್ನು ಕಳಿಸದೆ ಇಟ್ಟುಕೊಂಡಿರುವುದೇಕೆ, ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು 2025ರ ಫೆಬ್ರುವರಿಯಲ್ಲಿ ಅಸ್ಸಾಂ ಸರ್ಕಾರವನ್ನು ಕೇಳಿದ ಸುಪ್ರೀಂ ಕೋರ್ಟ್ ಪೀಠದಲ್ಲಿ ಇದ್ದವರೂ ನ್ಯಾಯಮೂರ್ತಿ ಓಕಾ ಅವರೇ. ವಿಳಾಸ ಗೊತ್ತಿಲ್ಲ ಎಂಬುದು ಸರ್ಕಾರದ ಸಬೂಬಾಗಿತ್ತು.

ಬೇರೆ ದೇಶಗಳೂ ಈ ಗಂಟನ್ನು ಬಿಚ್ಚಲು ಹೆಣಗಿವೆ. ಕಳಿಸುವ ಸಾಧ್ಯತೆ ಕಾಣದಿದ್ದರೆ ಆರು ತಿಂಗಳ ನಂತರ ಬಂಧನಕ್ಕೆ ಸಮರ್ಥನೆ ಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಐರೋಪ್ಯ ಒಕ್ಕೂಟ 2008ರಲ್ಲಿ ಹದಿನೆಂಟು ತಿಂಗಳ ಗಡಿ ಹಾಕಿತು. ಆಸ್ಟ್ರೇಲಿಯಾದ ಹೈಕೋರ್ಟ್ 2004ರಲ್ಲಿ ಅನಿರ್ದಿಷ್ಟ ಬಂಧನವನ್ನು ಒಪ್ಪಿತ್ತು. 2023ರ ನವೆಂಬರ್‌ನಲ್ಲಿ ಆ ತೀರ್ಪನ್ನು ತಾನೇ ತಳ್ಳಿಹಾಕಿತು.

ಹೊರಗೆ ಬಿಟ್ಟರೆ ಇವರು ಕಣ್ಮರೆಯಾಗುತ್ತಾರೆ ಎಂಬ ಭಯ ನಿಜವಾದದ್ದು. ಅದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ. ನವಲಿಯಿಂದ ಕಾರಟಗಿ ದಾಟಿ ಸಿಂಧನೂರು ತಾಲ್ಲೂಕಿಗೆ ಹೋದರೆ ಆರ್‌ಎಚ್ ಕ್ಯಾಂಪುಗಳು ಸಿಗುತ್ತವೆ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಎಪ್ಪತ್ತರ ದಶಕದ ಹೊತ್ತಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಭಾಷೆ ಬೇರೆ, ಊಟ ಬೇರೆ, ದುರ್ಗಾ ಪೂಜೆಯ ಸಡಗರ ಬೇರೆ. ಆದರೂ ಭತ್ತದ ಗದ್ದೆ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ನಂತರ ಬಂದವರಲ್ಲಿ ಹಲವರು ಪೌರತ್ವವಿಲ್ಲದೆ ದಶಕಗಳನ್ನು ದೂಡಿದರು. ಕೆಲವರಿಗೆ 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪ್ರಮಾಣಪತ್ರ ಸಿಕ್ಕಿತು. ಅಷ್ಟು ವರ್ಷ ಕಾಗದವಿಲ್ಲದೆ ಇದ್ದವರು ಎಲ್ಲಿಗೂ ಓಡಿಹೋಗಲಿಲ್ಲ, ಏಕೆಂದರೆ ಅವರಿಗೊಂದು ಮನೆ, ದುಡಿಮೆ, ಗುರುತಿಸುವ ನೆರೆಹೊರೆ ಇತ್ತು. ಬೈಲುಕುಪ್ಪೆ, ಮುಂಡಗೋಡದ ಟಿಬೆಟನ್ನರ ಕಥೆಯೂ ಇದೇ. ಆ ಬಂಗಾಳಿಗಳು ದಾಟಿದ ಗಡಿಯನ್ನೇ ಅದೇ ಬಡತನದಿಂದ ದಾಟಿ ಬಂದ ಮುಸ್ಲಿಮನಿಗೆ ಪೌರತ್ವ ತಿದ್ದುಪಡಿ ಕಾಯ್ದೆಯ ಬಾಗಿಲು ಇಲ್ಲವೆಂಬುದು ನನ್ನನ್ನು ನೋಯಿಸುತ್ತದೆ. ಪೌರತ್ವದ ಬಾಗಿಲು ಅವನಿಗೆ ಮುಚ್ಚಿದ್ದರೂ, ಬಂಧನದ ಬಾಗಿಲನ್ನು ತೆರೆಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. 1946ರ ವಿದೇಶಿಯರ ಕಾಯ್ದೆಯಲ್ಲೇ ಬಂಧನಕ್ಕಿಂತ ಮೃದುವಾದ ದಾರಿಗಳಿದ್ದವು: ಇಂಥ ಜಾಗದಲ್ಲಿ ವಾಸವಿರು, ಇಷ್ಟು ದೂರ ದಾಟಬೇಡ, ಅಧಿಕಾರಿಯ ಮುಂದೆ ಹಾಜರಾಗು ಎಂದು ಆಜ್ಞೆ ಮಾಡಬಹುದಿತ್ತು. ಅದೆಲ್ಲ ಇದ್ದಾಗಲೂ ನಾವು ಮೊದಲು ಕೈ ಹಾಕಿದ್ದು ಬೀಗಕ್ಕೆ.

ನಮ್ಮ ಬಡವರಿಗೇ ಸೂರಿಲ್ಲ, ಹೊರಗಿನವರ ಚಿಂತೆ ಯಾಕೆ ಎಂಬ ಮಾತನ್ನು ಊರಿನ ಕಟ್ಟೆಯ ಮೇಲೆ ಕೇಳಿದ್ದೇನೆ. ಆ ಸಂಕಟ ಸುಳ್ಳಲ್ಲ. ಆದರೆ 1946ರ ಆ ಕಾಯ್ದೆಯಲ್ಲಿ ತಾನು ವಿದೇಶಿಯನಲ್ಲವೆಂದು ಸಾಬೀತು ಮಾಡುವ ಹೊಣೆ ಆರೋಪ ಹೊತ್ತವನದೇ ಆಗಿತ್ತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಆ ಹೊರೆಯನ್ನು ಹಾಗೇ ಉಳಿಸಿಕೊಂಡಿದೆ. ಗುಳೆ ಹೋದ ಹೆಣ್ಣುಮಗಳನ್ನು ನೆನೆಯಿರಿ: ಹುಟ್ಟಿದ್ದು ಮನೆಯಲ್ಲಿ, ಶಾಲೆ ಬಿಟ್ಟದ್ದು ಮೂರನೇ ಇಯತ್ತೆಗೆ, ತವರಿನಲ್ಲೊಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡು ಹೋಯಿತು, ಬಂಧನವಾಗಲಿಲ್ಲ. ಸಂಶಯ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ ನಮ್ಮ ಬಡವರೇ ಆ ಗೋಡೆಯೊಳಗೆ ಕೂತು ತಾವು ನಮ್ಮವರೆಂದು ತೋರಿಸಬೇಕಿತ್ತು.

2025ರ ಫೆಬ್ರುವರಿಯಲ್ಲಿ ಅಮೆರಿಕ 104 ಭಾರತೀಯರನ್ನು ಸೇನಾ ವಿಮಾನದಲ್ಲಿ ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದಿಳಿಸಿದಾಗ ದೇಶವೇ ನೊಂದಿತು. ಅವರು ಅಲ್ಲಿನ ಕಾನೂನು ಮೀರಿದ್ದರೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಕಾನೂನು ಮೀರಿದವನಿಗೂ ಮರ್ಯಾದೆಯೆಂಬುದೊಂದಿದೆ ಎಂದು ಆ ದಿನ ನಾವು ಹೇಳಿದೆವು. ಸೊಂಡೆಕೊಪ್ಪಕ್ಕೂ ಆ ಮಾತು ಅನ್ವಯಿಸಬೇಕು.

ಕೇಂದ್ರ ಗೃಹ ಸಚಿವಾಲಯ 2019ರ ಜನವರಿಯಲ್ಲಿ ರಾಜ್ಯಗಳಿಗೆ ಒಂದು ಮಾದರಿ ಕೈಪಿಡಿ ಕಳಿಸಿತು. ಕುಟುಂಬಗಳನ್ನು ಒಡೆಯಬಾರದು, ವೈದ್ಯರಿರಬೇಕು, ರಾಯಭಾರ ಕಚೇರಿಯ ಸಂಪರ್ಕ ಸಿಗಬೇಕು ಎಂದು ಅದರಲ್ಲಿದೆ. 2020ರ ಮೇ ತಿಂಗಳಲ್ಲಿ ಬಾಬುಲ್ ಖಾನ್ ಪ್ರಕರಣದಲ್ಲಿ ನಮ್ಮ ಹೈಕೋರ್ಟೂ ಮಾರ್ಗಸೂಚಿ ಕೊಟ್ಟಿತು. ಅನ್ನ, ಔಷಧಿ, ಹಾಸಿಗೆಗೆ ಬೆಲೆಯಿದೆ, ಅವುಗಳಲ್ಲಿ ಒಂದನ್ನೂ ಕಡಿಮೆ ಮಾಡಬಾರದು. ಆದರೆ ಒಳಗಿನ ಸೌಕರ್ಯ ಎಷ್ಟು ಹೆಚ್ಚಿದರೂ ತಾರೀಕಿಲ್ಲದಿರುವಿಕೆ ಹಾಗೇ ಉಳಿಯುತ್ತದೆ. ಸುಧಾರಣೆ ಅಲ್ಲಿಂದ ಶುರುವಾಗಬೇಕು, ಮತ್ತು ಅದಕ್ಕೆ ಕರ್ನಾಟಕ ದೆಹಲಿಗೆ ಕಾಯಬೇಕಿಲ್ಲ, ಏಕೆಂದರೆ ವಿದೇಶಿಯರನ್ನು ಹಿಡಿದಿಡುವ ಅಧಿಕಾರವನ್ನು ಕೇಂದ್ರ ರಾಜ್ಯಗಳಿಗೂ ವಹಿಸಿದೆ. ಬಂಧಿಸಿದ ದಿನವೇ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಬರಲಿ. ಮೂರು ತಿಂಗಳಿಗೊಮ್ಮೆ ನ್ಯಾಯಾಧೀಶರು ಕಡತ ತರಿಸಿ, ಕಳಿಸುವ ಕೆಲಸ ಎಲ್ಲಿಗೆ ಬಂತೆಂದು ಕೇಳಲಿ. ಆರು ತಿಂಗಳಲ್ಲಿ ರಾಯಭಾರ ಕಚೇರಿಯ ಉತ್ತರ ಬಾರದಿದ್ದರೆ, ಅಪಾಯಕಾರಿ ಎಂದು ಪ್ರತ್ಯೇಕವಾಗಿ ರುಜುವಾತಾಗದವರನ್ನು ಸ್ವಂತ ಮುಚ್ಚಳಿಕೆಯ ಮೇಲೆ, ವಾರಕ್ಕೊಮ್ಮೆ ಠಾಣೆಗೆ ಹಾಜರಾಗುವ ಷರತ್ತಿನಲ್ಲಿ, ದುಡಿಯಲು ಅನುಮತಿ ಕೊಟ್ಟು ಬಿಡಲಿ. ಮಕ್ಕಳನ್ನು ಮಾತ್ರ ಒಂದು ದಿನವೂ ಆ ಗೋಡೆಯೊಳಗೆ ಇಡಬಾರದು, ತಾಯಿಯನ್ನು ಅವರಿಂದ ಬಿಡಿಸಲೂಬಾರದು. ತಾಯಿ, ಮಕ್ಕಳು ಹೊರಗೆ, ಒಂದೇ ಸೂರಿನಡಿ ಇರಲಿ, ಹತ್ತಿರದ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಬರಲಿ.