ಇಂದಿನ ಚಿಂತನೆ: ಕೊಳೆ ಯಾರ ಪಾಲಿಗೆ?

 

ಬೇಕರಿಯ ಬನ್ ಉಬ್ಬಿಸುವ ಯೀಸ್ಟ್ ಒಂದೇ ಕೋಶದ ಜೀವಿ. ಅದಕ್ಕೂ ಮುಪ್ಪಿದೆ, ಸಾವಿದೆ. ಕನ್ನಡ ಪಾಠ ಹೇಳುವ ನನಗೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಇದನ್ನು ವಿವರಿಸಿದರು.

ಯೀಸ್ಟಿನ ತಾಯಿಕೋಶದ ಮೈಯಿಂದ ಮೊಗ್ಗಿನಂತೆ ಮರಿಕೋಶ ಮೂಡುತ್ತದೆ. ಪ್ರತಿ ಹೆರಿಗೆಗೂ ಒಂದು ಕಲೆ ಉಳಿಯುತ್ತದೆ. ಸುಮಾರು 20-30 ಹೆರಿಗೆಗಳ ನಂತರ ತಾಯಿ ಸಾಯುತ್ತದೆ. ಕೆಟ್ಟುಹೋದ ಪ್ರೋಟೀನುಗಳನ್ನು ಬಹುಮಟ್ಟಿಗೆ ತನ್ನಲ್ಲೇ ಇಟ್ಟುಕೊಳ್ಳುವುದರಿಂದ ಮರಿಯ ಬದುಕು ಹೊಸದಾಗಿ ಶುರುವಾಗುತ್ತದೆ. ಕೋಶ ತನ್ನನ್ನು ತಾನೇ ಕ್ರಮವಾಗಿ ಕಳಚಿಕೊಂಡು ಸಾಯುವ ಗುರುತುಗಳನ್ನೂ 1997ರಲ್ಲಿ ವಿಜ್ಞಾನಿಗಳು ಯೀಸ್ಟಿನಲ್ಲಿ ಕಂಡರು. ಆಹಾರ ಮುಗಿದಾಗ, ಸತ್ತ ಕೋಶಗಳು ಬಿಟ್ಟದ್ದನ್ನು ಉಂಡು ಕೆಲವು ಬದುಕುತ್ತವೆ. ಇದು ಪರರಿಗಾಗಿ ಸಾಯುವುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇದನ್ನು ತ್ಯಾಗ ಎನ್ನಬಹುದೇ? ಚೇತನೆಯೇ, ಅಂದರೆ ಮನಸ್ಸಿನ ಸಂಕಲ್ಪವೇ ಕಮ್ಮ ಎಂದು ಬುದ್ಧರು ಬೋಧಿಸಿದರು. ಯೀಸ್ಟಿಗೆ ಸಂಕಲ್ಪವಿಲ್ಲ. ಆದ್ದರಿಂದ ಅಲ್ಲಿ ತ್ಯಾಗವೂ ಇಲ್ಲ, ಪುಣ್ಯವೂ ಇಲ್ಲ. ಮನುಷ್ಯರಲ್ಲೂ ಅಷ್ಟೇ: 'ಒಲ್ಲೆ' ಎನ್ನಲು ದಾರಿಯೇ ಇಲ್ಲದವರಿಂದ ಪಡೆದದ್ದು ದಾನವಾಗದು.

ಗಾಂಧೀಜಿ 1936ರಲ್ಲಿ 'ಹರಿಜನ್' ಪತ್ರಿಕೆಯಲ್ಲಿ, ಭಂಗಿಯು ಸಮಾಜಕ್ಕೆ ಮಾಡುವ ಕೆಲಸವನ್ನು ತಾಯಿ ಮಗುವಿಗೆ ಮಾಡುವ ಸೇವೆಗೆ ಹೋಲಿಸಿದರು. ಬಾಬಾಸಾಹೇಬರು ಇಂಥ ಹೊಗಳಿಕೆಯನ್ನು ಒಪ್ಪಲಿಲ್ಲ. ಕೊಳೆ ಎತ್ತುವುದು ಶ್ರೇಷ್ಠ ಸೇವೆಯೆಂದು ಆ ಜನರಿಗಷ್ಟೇ ಹೇಳಿ, ಅವರನ್ನು ಅದರಲ್ಲೇ ಉಳಿಸುವುದನ್ನು 1945ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಖಂಡಿಸಿದರು. ಮಗು ಬೆಳೆದ ಮೇಲೆ ತಾಯಿಗೆ ಆ ಕೆಲಸ ಮುಗಿಯುತ್ತದೆ. ಯೀಸ್ಟ್ ಕೂಡ ತನ್ನ ಕೊಳೆಯನ್ನು ಆದಷ್ಟು ಮರಿಗೆ ದಾಟಿಸುವುದಿಲ್ಲ. ಜಾತಿಯಾದರೋ ಅಪ್ಪನ ಕೈಯ ಪೊರಕೆಯನ್ನು ಮಗನಿಗೆ, ಮೊಮ್ಮಗನಿಗೆ ಕೊಡುತ್ತಲೇ ಬರುತ್ತದೆ, ಅದನ್ನು ಪ್ರಕೃತಿ ನಿಯಮ ಎಂದೂ ಕರೆಯುತ್ತದೆ.

ಮಲ ಹೊರುವುದನ್ನು, ರಕ್ಷಣೆಯಿಲ್ಲದೆ ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸೆಪ್ಟೆಂಬರ್ 23, ಪೌರಕಾರ್ಮಿಕರ ದಿನ. ಅಂದು ಕೋಲಾರದಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಾಗಲಿ ಸನ್ಮಾನ ಕಂಡರೆ ಚಪ್ಪಾಳೆ ತಟ್ಟೋಣ. ಆಮೇಲೆ ಅವರನ್ನೇ ಕೇಳೋಣ: ಸಂಬಳ ಸರಿಯಾಗಿ ಬರುತ್ತಿದೆಯಾ? ಗ್ಲೌಸು, ಬೂಟು ಕೊಟ್ಟಿದ್ದಾರಾ? ಮಕ್ಕಳು ಏನು ಓದುತ್ತಿದ್ದಾರೆ?

ಅವರ ಮಕ್ಕಳ ಫೀಸಿಗೋ ಪುಸ್ತಕಕ್ಕೋ ನಮ್ಮ ಕೈಲಾದದ್ದನ್ನು ಮನಸಾರೆ ಕೊಟ್ಟರೆ ಅದು ದಾನ. ಅಲ್ಲಿ ಚೇತನೆಯಿದೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏