ಮನಸ್ಸಿನೊಳಗಿನ ವಿತಂಡವಾದಿ

ಬಸವನಗುಡಿಯ ಕೃಷ್ಣರಾವ್ ಪಾರ್ಕಾಗಲಿ, ಮಲ್ಲೇಶ್ವರದ ಸ್ಯಾಂಕಿ ಕೆರೆಯ ದಂಡೆಯಾಗಲಿ, ಬೆಳಗಿನ ವಾಕಿಂಗ್ ಮಂದಿ ಪರಸ್ಪರ ಧಾರಾಳವಾಗಿ ಹಂಚಿಕೊಳ್ಳುವ ಔಷಧ ಒಂದೇ: 'ಏನೂ ಆಗಲ್ಲ ಬಿಡಿ ಸಾರ್, ಸುಮ್ಮನೆ ಟೆನ್ಷನ್ ಮಾಡ್ಕೋಬೇಡಿ.' ಅಮೆರಿಕದ ಮಗ ನಿನ್ನೆಯಿಂದ ಫೋನ್ ಎತ್ತಿಲ್ಲ ಎಂದವರಿಗೂ ಅದೇ, ಎದೆಯಲ್ಲಿ ಏನೋ ಚುಳುಕ್ ಎಂದಿತು ಎಂದವರಿಗೂ ಅದೇ. ಹೇಳುವವರ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಾದವಾಗಿ ನೋಡಿದರೆ ಅದು ತೀರಾ ಬಡಕಲು. ಏಕೆಂದರೆ ಒಮ್ಮೊಮ್ಮೆ ಆಗಿಯೇ ಬಿಡುತ್ತದೆ.

2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವಂತಿರಲಿಲ್ಲ. ನಿವೃತ್ತಿಯ ದುಡ್ಡನ್ನು ಅಲ್ಲಿಟ್ಟು ಬಡ್ಡಿಯಲ್ಲಿ ತಿಂಗಳು ದೂಡುತ್ತಿದ್ದ ಹಿರಿಯರು ಅವರಲ್ಲಿ ಅನೇಕರು. ಹಿಂದಿನ ಡಿಸೆಂಬರಿನಲ್ಲಿ ಯಾರಾದರೂ 'ಬ್ಯಾಂಕು ಮುಳುಗಿದರೆ?' ಎಂದು ನಿದ್ದೆಗೆಟ್ಟಿದ್ದರೆ, ಅದನ್ನು ನಕಾರಾತ್ಮಕ ಆಲೋಚನೆ ಎಂದು ನಾವೇ ಅವರ ಬಾಯಿ ಮುಚ್ಚಿಸುತ್ತಿದ್ದೆವು.

ನಾವು ವಾಕಿಂಗ್ ಮಾಡುವ ಈ ರಸ್ತೆಗಳೂ ಭಯದ ಋಣದಲ್ಲಿವೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಭರದಿಂದ ತುಂಬಿಕೊಂಡವು. ನೆಟ್ಟಗಿನ ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿಗೆ ಬೆಳಕಿಗೆ ಬಿಟ್ಟ ಜಾಗ: ಇವೆಲ್ಲ ಹೆದರಿಕೆ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಗಳು. ಆಗಿನವರು ಧನಾತ್ಮಕ ಚಿಂತನೆ ಮಾಡುತ್ತ ಪೇಟೆಯಲ್ಲೇ ಕುಳಿತಿದ್ದರೆ ನಮಗೆ ವಾಕಿಂಗ್ ಮಾಡಲು ಜಾಗವೇ ಇರುತ್ತಿರಲಿಲ್ಲ.

ಹಾಗಾದರೆ ಆತಂಕದ ಆಲೋಚನೆಯನ್ನು ಪ್ರಶ್ನಿಸುವುದು ಎಂದರೇನು? 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯ ಬೇರು ಇದೇ ಪ್ರಶ್ನೆ. ತಾನಾಗಿ ಏಳುವ ಆಲೋಚನೆಯನ್ನು ಹಿಡಿದು ನಿಲ್ಲಿಸು, ಅದರ ಪರವಾಗಿ ಇರುವ ಆಧಾರ ಯಾವುದು, ವಿರುದ್ಧ ಯಾವುದು, ಬೇರೆ ವಿವರಣೆ ಉಂಟೆ ಎಂದು ಕೇಳು ಎಂಬುದು ಅದರ ಕ್ರಮ. ಕೆಟ್ಟದ್ದನ್ನು ಅಳಿಸಿ ಅಲ್ಲಿ ಒಳ್ಳೆಯದನ್ನು ಬರೆ ಎಂದು ಅವರು ಹೇಳಲಿಲ್ಲ, ಪರೀಕ್ಷಿಸು ಎಂದರು. ಅಳಿಸಲು ಹೊರಟರೆ ಏನಾಗುತ್ತದೆಂಬುದು ನಮ್ಮ ಅಜ್ಜಿಯರಿಗೇ ಗೊತ್ತಿತ್ತು: ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಕತೆ, ಆಮೇಲೆ ಕುಡಿಯುವಾಗಲೆಲ್ಲ ಕೋತಿಯದೇ ನೆನಪು. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಕೋತಿಯ ಬದಲು ಬಿಳಿ ಕರಡಿ ಇಟ್ಟು ಇದನ್ನೇ ಪ್ರಯೋಗದಲ್ಲಿ ತೋರಿಸಿದರು.

ಆದರೆ ಪರೀಕ್ಷೆಯೂ ಕೈಕೊಡುವ ಒಂದು ಜಾಗವಿದೆ. ಅದನ್ನು ಹಿಡಿಯಲು ಬೆಕ್‌ಗಿಂತ ನಮ್ಮ ನ್ಯಾಯಶಾಸ್ತ್ರ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಎಣಿಕೆ. ಚಾಮರಾಜಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಓದಿದ ಯಾರನ್ನಾದರೂ ಕೇಳಿ, ಚರ್ಚೆಯಲ್ಲಿ ಮೂರು ಬಗೆ ಎನ್ನುತ್ತಾರೆ. ಸತ್ಯ ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದೇ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಟ್ಟುಕೊಳ್ಳದೆ ಎದುರಿನವನ ಮಾತನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ.

ಬ್ಯಾಂಕಿನ ವಿಷಯಕ್ಕೇ ಬನ್ನಿ. 'ನನ್ನ ಹಣವೆಲ್ಲ ಒಂದೇ ಕಡೆ ಇದೆ, ಹೋದರೆ ಎಲ್ಲವೂ ಹೋಗುತ್ತದೆ' ಎಂಬ ಆಲೋಚನೆಗೆ ಒಂದು ಪಕ್ಷವಿದೆ, ಅದಕ್ಕೆ ಆಧಾರವೂ ಇದೆ. ಅದರ ಜತೆ ವಾದ ಮಾಡಬಹುದು, ಮಾಡಬೇಕು. 2020ರ ಫೆಬ್ರುವರಿಯಲ್ಲಿ ಠೇವಣಿ ವಿಮೆಯ ಮಿತಿಯನ್ನು ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿಸಿದರು. ಹಣವನ್ನು ಬೇರೆ ಬೇರೆ ಬ್ಯಾಂಕುಗಳಲ್ಲಿ ಐದು ಲಕ್ಷದೊಳಗೆ ಹಂಚಿಟ್ಟವರು ಆ ಆಲೋಚನೆಗೆ ಮರ್ಯಾದೆಯ ಉತ್ತರ ಕೊಟ್ಟಂತೆ. ಆಮೇಲೂ ಅದು ನಡುರಾತ್ರಿ ಎಬ್ಬಿಸುತ್ತದೆ. 'ವಿಮೆಯವರೇ ಕೈಯೆತ್ತಿದರೆ?' ಸರ್ಕಾರವಿದೆಯಲ್ಲ. 'ಸರ್ಕಾರವೇ ದಿವಾಳಿಯಾದರೆ?' ಇಲ್ಲಿಗೆ ಪಕ್ಷ ಬದಲಾಗಿ ಹೋಯಿತು, ಎದುರಾಳಿ ತಾನು ಮೊದಲು ಹೇಳಿದ್ದನ್ನೂ ಬಿಟ್ಟುಕೊಟ್ಟ. ಅವನಿಗೀಗ ಬೇಕಾಗಿರುವುದು ನಿಮ್ಮ ಉತ್ತರ ಬೀಳುವುದು ಮಾತ್ರ. 'ಮುಂದೆಂದೂ ಏನೂ ಆಗುವುದಿಲ್ಲ' ಎಂಬುದನ್ನು ಪ್ರತ್ಯಕ್ಷವೂ ಸಾಧಿಸಲಾರದು, ತರ್ಕದಿಂದ ತಿಳಿಯುವ ಅನುಮಾನವೂ ಸಾಧಿಸಲಾರದು. ಅಂಥವನಿಗೆ ಉತ್ತರಿಸುತ್ತ ಹೋಗುವುದೇ ಸೋಲು. ನೂರನೆಯ ಸಲ ಬ್ಲಡ್ ರಿಪೋರ್ಟನ್ನು ಗೂಗಲ್‌ನಲ್ಲಿ ಹುಡುಕುವುದು, ಡಾಕ್ಟರಾದ ಸೊಸೆಗೆ ಮತ್ತೆ ಫೋನ್ ಮಾಡಿ 'ಏನೂ ಇಲ್ಲ ತಾನೇ?' ಎನ್ನುವುದು, ಇವೆಲ್ಲ ಹೊರಗಿಂದ ನೋಡಿದರೆ ವಿವೇಕದ ವಿಚಾರಣೆಯಂತೆಯೇ ಕಾಣುತ್ತವೆ. ಸಿಗುವ ಸಮಾಧಾನ ಅರ್ಧ ಗಂಟೆಯದು, ಸಂಶಯಕ್ಕೆ ಮಾತ್ರ ಅದರಿಂದ ಇನ್ನಷ್ಟು ಬಲ.

ಹಾಗಾದರೆ ಸಂಶಯ ಎಲ್ಲಿ ನಿಲ್ಲಬೇಕು? ಸಾವಿರ ವರ್ಷದ ಹಿಂದೆ ಮಿಥಿಲೆಯ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ಚಾರ್ವಾಕನಿಗೆ ಉತ್ತರಿಸುವಾಗ ಇದೇ ಪ್ರಶ್ನೆಯನ್ನು ಎದುರಿಸಿದ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಂದು ಹೇಗೆ ನಂಬುವುದು, ಬೇರೆ ದೇಶದಲ್ಲಿ, ಬೇರೆ ಕಾಲದಲ್ಲಿ ಇಲ್ಲದಿದ್ದರೆ ಎಂಬುದು ಚಾರ್ವಾಕನ ಸಂಶಯ. ಉದಯನ ಹೇಳಿದ್ದರ ಸಾರ ಇಷ್ಟು: ನಿನ್ನ ನಡವಳಿಕೆಯೇ ನಿನ್ನ ಸಂಶಯವನ್ನು ಸುಳ್ಳು ಮಾಡುವಲ್ಲಿಗೆ ಸಂಶಯದ ಎಲ್ಲೆ ಮುಗಿಯಿತು. ಅನ್ನದಿಂದ ಹಸಿವು ಹೋಗುತ್ತದೋ ಇಲ್ಲವೋ ಎನ್ನುವವನೂ ಹಸಿದಾಗ ಎಲೆಯ ಮುಂದೆ ಕೂರುತ್ತಾನೆ. ಊಟದ ಈ ಉದಾಹರಣೆ ಆಮೇಲೆ ಬಂದ ನೈಯಾಯಿಕ ಗಂಗೇಶನದು.

ತಾರ್ಕಿಕನ ಬಾಯಿ ಮುಚ್ಚಿಸಲು ಇದು ಸಾಕು, ಏಕೆಂದರೆ ಅವನ ಸಂಶಯ ನಾಲಗೆಯ ಮೇಲಿನದು. ಆತಂಕದವರ ಕತೆ ಬೇರೆ. ಅವರು ಎಲೆಯ ಮುಂದೆ ಕೂರುವುದೇ ಇಲ್ಲ. ಸುರಂಗದಲ್ಲಿ ಉಸಿರು ಕಟ್ಟಿದರೆ ಎಂದು ಹೆದರಿದವರು ಮೆಟ್ರೊ ಹತ್ತುವುದನ್ನೇ ಬಿಟ್ಟು, ನ್ಯಾಷನಲ್ ಕಾಲೇಜಿನಿಂದ ಸಂಪಿಗೆ ರಸ್ತೆಗೆ ಟ್ರಾಫಿಕ್ಕಿನಲ್ಲಿ ಆಟೊ ಹಿಡಿದು ಹೋಗುತ್ತಾರೆ. ಅವರ ಸಂಶಯಕ್ಕೂ ನಡವಳಿಕೆಗೂ ಒಂದಿಷ್ಟೂ ವಿರೋಧವಿಲ್ಲ. ತರ್ಕದ ದೃಷ್ಟಿಯಿಂದ ಅವರು ಚಾರ್ವಾಕನಿಗಿಂತ ಪ್ರಾಮಾಣಿಕರು, ಆದ್ದರಿಂದಲೇ ಅವರ ಸಂಶಯಕ್ಕೆ ಎಲ್ಲೆಯಿಲ್ಲ. ಹತ್ತದ ರೈಲು ಅವರನ್ನು ಎಂದೂ ಸುಳ್ಳು ಮಾಡುವುದಿಲ್ಲವಲ್ಲ! ಉದಯನನ ಮಾತನ್ನು ತಿರುಗಿಸಿ ಓದಿದರೆ ಇಂದಿನ ಚಿಕಿತ್ಸಕರು ಹೇಳುವ ದಾರಿ ಸಿಗುತ್ತದೆ: ವಿರೋಧ ಇಲ್ಲದಿದ್ದರೆ ಅದನ್ನು ಹುಟ್ಟಿಸಬೇಕು. ಮೊದಲು ನ್ಯಾಷನಲ್ ಕಾಲೇಜಿನಿಂದ ಮಾರ್ಕೆಟ್ ನಿಲ್ದಾಣಕ್ಕೆ, ಅಷ್ಟೇ. ಅದು ಹಗುರಾದ ಮೇಲೆ ಚಿಕ್ಕಪೇಟೆ, ಮೆಜೆಸ್ಟಿಕ್.

ಒಂದು ಆಕ್ಷೇಪ ನ್ಯಾಯವಾದದ್ದು. ಕೈ ಬೆವರಿ, ಎದೆ ಡವಗುಟ್ಟಿ, ಈಗಲೇ ಸಾಯುತ್ತೇನೆ ಅನ್ನಿಸಿದ ಗಳಿಗೆಯಲ್ಲಿ ನ್ಯಾಯಶಾಸ್ತ್ರ ಯಾರಿಗೆ ಬೇಕು? ಯಾರಿಗೂ ಬೇಡ. ಆಗ ಬೇಕಾದದ್ದು ಪಕ್ಕದಲ್ಲೊಬ್ಬರು. ಅದು ಮರುಕಳಿಸುತ್ತಿದ್ದರೆ ವೈದ್ಯರು, ಬೇಕೆನಿಸಿದರೆ ಮಾತ್ರೆ. ನಿಮ್ಹಾನ್ಸ್ ಲಾಲ್‌ಬಾಗಿನ ಆಚೆಗೇ ಇದೆ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ನಮ್ಮ ಕಡೆಯ ಮರ್ಯಾದಸ್ಥ ಮನೆಗಳಲ್ಲಿ ಸಕ್ಕರೆ ಕಾಯಿಲೆಯನ್ನು ಪಾರ್ಕಿನಲ್ಲಿ ಜೋರಾಗಿಯೇ ಚರ್ಚಿಸುತ್ತಾರೆ, ಮನಸ್ಸಿನದನ್ನು ಮಾತ್ರ ಪಿಸುಮಾತಿನಲ್ಲಿ. 'ಕೊರವಂಜಿ' ಪತ್ರಿಕೆಯಿಂದ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಶಿವರಾಂ, ಅಂದರೆ ನಮ್ಮ ರಾಶಿ, ಮನಸ್ಸಿನ ಕಾಯಿಲೆಗಳ ಬಗ್ಗೆ 'ಮನಮಂಥನ' ಬರೆದು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ಅರ್ಧ ಶತಮಾನವಾಗುತ್ತ ಬಂತು. ಪಿಸುಮಾತು ಇನ್ನೂ ಹೋಗಿಲ್ಲ.

ಉದಯನನಿಗೂ ಕೊನೆಯ ಮಾತು ದಕ್ಕಲಿಲ್ಲ. ಹನ್ನೆರಡನೆಯ ಶತಮಾನದ ಶ್ರೀಹರ್ಷ, ವಿತಂಡದಲ್ಲಿ ಮಹಾ ನಿಪುಣ, ಉದಯನ ಆ ಮಾತು ಹೇಳಿದ ಶ್ಲೋಕದ ಪದಗಳನ್ನೇ ಅತ್ತಿತ್ತ ಮಾಡಿ ತಿರುಗುಬಾಣ ಬಿಟ್ಟ: ವಿರೋಧವಿದೆ ಎನ್ನುವಾಗಲೇ ಸಂಶಯವೂ ಇದೆ ಎಂದಾಯಿತಲ್ಲ, ಇನ್ನು ಅದು ಸಂಶಯಕ್ಕೆ ಎಲ್ಲೆಯಾಗುವುದು ಹೇಗೆ? ತರ್ಕದಲ್ಲಿ ಯಾರು ಗೆದ್ದರೆಂಬ ಪಂಚಾಯಿತಿ ಪಂಡಿತರಿಗಿರಲಿ. ಮೆಟ್ರೊ ಹತ್ತುವವರ ಅನುಭವದ ಮಟ್ಟಿಗೆ ಶ್ರೀಹರ್ಷನೇ ಸರಿ. ಭಯ ಪೂರ್ತಿ ಇಳಿದ ಮೇಲೆ ಹತ್ತುತ್ತೇನೆ ಎನ್ನುವವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಮೊದಲ ಪ್ರಯಾಣ, ಎರಡನೆಯದು, ಬಹುಶಃ ಹತ್ತನೆಯದೂ, ಸಂಶಯವನ್ನು ಜತೆಗೆ ಕೂರಿಸಿಕೊಂಡೇ ಆಗಬೇಕು.