ಟೊಳ್ಳು ಆಭರಣದ ಅಚ್ಚು ಮತ್ತು ಅಚೌರ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೇಲ್ನೋಟಕ್ಕೆ ಅತಿ ಸುಲಭವೆಂದು ತೋರುತ್ತದೆ. ಕನ್ನ ಹಾಕದವನು, ಪರರ ಜೇಬಿಗೆ ಕೈ ಇಕ್ಕದವನು ತಾನು ಈ ವ್ರತದಲ್ಲಿ ನಿಂತಿರುವೆನೆಂದೇ ಭಾವಿಸುತ್ತಾನೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಣಿಸಿರುವ ಈ ವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರಗಳೂ ಸೇರಿವೆ. ಮೊದಲನೆಯದು ಅಳತೆ ತೂಕಗಳಲ್ಲಿ ಮಾಡುವ ವಂಚನೆ. ಎರಡನೆಯದು ನಿಜವಾದ ವಸ್ತುವಿನಂತೆ ತೋರುವ ಬೇರೊಂದನ್ನು ನಿಜವೆಂದು ಮಾರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ಈ ಮಾತುಗಳು ಅಂಗಡಿಯಲ್ಲಿ ಕುಳಿತವನನ್ನು ನೇರವಾಗಿ ಉದ್ದೇಶಿಸಿವೆ. ಅಂಗಡಿಯ ಬೆನ್ನ ಹಿಂದೆ, ಮಾರುವ ವಸ್ತುವಿನ ರೂಪವನ್ನೇ ನಿರ್ಧರಿಸುವ ಉಪಕರಣವನ್ನು ತಯಾರಿಸುವವನಿಗೆ ಇವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದು ವಿಚಾರಣೀಯ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಮೂರು ದಿಕ್ಕುಗಳಲ್ಲಿ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಮಳೆ ಕಡಿಮೆ, ನೆಲಗಡಲೆಯ ಬೆಳೆಯನ್ನು ನಂಬಿದ ಸಂಸಾರಗಳು ಬಹಳ. ಅಲ್ಲಿಯೂ ಮಗಳ ಮದುವೆ ಬಂದರೆ ಕರಿಮಣಿಯ ನಡುವೆ ನಾಲ್ಕು ಚಿನ್ನದ ಗುಂಡು, ಕಿವಿಗೊಂದು ಜೊತೆ ಜುಮುಕಿ ಬೇಕೇ ಬೇಕು. ಇಂಥ ಊರಿನ ಚಿನ್ನದಂಗಡಿಯಲ್ಲಿ ಮಾರಾಟವಾಗುವ ಗುಂಡು ಸಾಮಾನ್ಯವಾಗಿ ಗಟ್ಟಿಯದಲ್ಲ. ತೆಳುವಾದ ತಗಡನ್ನು ಅಚ್ಚಿನಲ್ಲಿ ಒತ್ತಿ, ಎರಡು ಅರೆಚಿಪ್ಪುಗಳನ್ನು ಬೆಸೆದು ಮಾಡಿದ ಟೊಳ್ಳು ಗುಂಡು. ಅಂಥ ಅಚ್ಚುಗಳಲ್ಲಿ ಹಲವು ಬೆಂಗಳೂರಿನ ನಗರ್ತಪೇಟೆಯ ಓಣಿಗಳಿಂದಲೋ ಗುಜರಾತಿನ ರಾಜ್‌ಕೋಟ್‌ನಿಂದಲೋ ಬರುತ್ತವೆ. ಅಚ್ಚನ್ನು ಕೊರೆದವನು ಗುಂಡನ್ನು ಧರಿಸುವವಳನ್ನು ಎಂದೂ ಕಾಣುವುದಿಲ್ಲ.

ಆದರೂ ಅವಳ ಗುಂಡಿನ ಆಯುಷ್ಯ ನಿಶ್ಚಯವಾಗುವುದು ಅವನ ಕೈಯಲ್ಲಿಯೇ. ಅವನು ಮೊದಲು, ಕಾಯಿಸಿ ನಿಧಾನವಾಗಿ ಆರಿಸಿ ಮೆದುವಾಗಿಸಿದ ಉಕ್ಕಿನ ತುಂಡಿನ ಮುಖವನ್ನು ಸಮಮಾಡಿ ಅದರಲ್ಲಿ ಗುಂಡಿನ ಅರ್ಧದಷ್ಟು ಕುಳಿಯನ್ನು ಕೊರೆಯುತ್ತಾನೆ. ಕುಳಿಯು ಬಾಯಿಯ ಕಡೆಗೆ ಸ್ವಲ್ಪ ಅಗಲಿಸಿರಬೇಕು, ಇಲ್ಲವಾದರೆ ಒತ್ತಿದ ತಗಡು ಹೊರಬಾರದು. ಬಾಯಿಯ ಅಂಚು ಚೂಪಾಗಿದ್ದರೆ ತಗಡು ಹರಿಯುತ್ತದೆ. ಆದ್ದರಿಂದ ಅದನ್ನು ಉಜ್ಜಿ ಮೊಂಡಾಗಿಸಬೇಕು. ಬಳಿಕ ತುಂಡನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾನೆ. ಆಗ ಅದು ಗಾಜಿನಂತೆ ಬಿರುಸಾಗಿ ಒಡೆಯುವ ಸ್ಥಿತಿಯಲ್ಲಿರುವುದರಿಂದ ಮತ್ತೆ ಮಂದವಾಗಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ ಹದಗೊಳಿಸುತ್ತಾನೆ. ಹಿಂದಿನ ಅಕ್ಕಸಾಲಿಗರು ಕಂಚಿನ ಗಟ್ಟಿಯಲ್ಲಿ ಕೊರೆದ ಕುಳಿಯ ಮೇಲೆ ತಗಡನ್ನಿಟ್ಟು ಸೀಸದ ತುಂಡಿನಿಂದ ಬಡಿಯುತ್ತಿದ್ದರು. ಸೀಸದ ಕಣವನ್ನು ಒರಸದೆ ಬೆಂಕಿಗೆ ಹಿಡಿದರೆ ಚಿನ್ನ ಬಿರಿಯುತ್ತಿತ್ತು.

ಉಕ್ಕಿನ ಅಚ್ಚಿಗೆ ಸೀಸದ ಬದಲು ಗಟ್ಟಿಯಾದ ಒತ್ತುಗುಳ ಬೇಕು. ಕುಳಿಗೂ ಒತ್ತುಗುಳಕ್ಕೂ ನಡುವೆ ಬಿಡುವ ಸಂದು ತಗಡಿನ ದಪ್ಪಕ್ಕೆ ಸರಿಸಮನಾಗಿರಬೇಕು. ಈ ಸಂದನ್ನು ಎಷ್ಟು ಬಿಡಬೇಕೆಂಬ ತೀರ್ಮಾನದಲ್ಲಿಯೇ ವ್ರತದ ಪ್ರಶ್ನೆ ಅಡಗಿದೆ.

ಆರು ಮಿಲಿಮೀಟರ್ ಅಡ್ಡಳತೆಯ ಒಂದು ಗುಂಡನ್ನು 22 ಕ್ಯಾರೆಟ್ ಚಿನ್ನದಲ್ಲಿ ಗಟ್ಟಿಯಾಗಿ ಮಾಡಿದರೆ ಅದು ಸರಿಸುಮಾರು 2 ಗ್ರಾಂ ತೂಗುತ್ತದೆ. 0.15 ಮಿಲಿಮೀಟರ್ ದಪ್ಪದ ತಗಡಿನಿಂದ ಟೊಳ್ಳಾಗಿ ಮಾಡಿದರೆ 0.28 ಗ್ರಾಂ, ಅಂದರೆ ಏಳರಲ್ಲಿ ಒಂದು ಪಾಲು. ಸಂದನ್ನು 0.10ಕ್ಕೆ ಇಳಿಸಿದರೆ ತೂಕ 0.19 ಗ್ರಾಂಗೆ ಇಳಿಯುತ್ತದೆ. ಇಷ್ಟು ತೆಳುವಾದ ಚಿಪ್ಪು ಬೆರಳಿನ ಒತ್ತಡಕ್ಕೇ ನೆಗ್ಗುವುದರಿಂದ ಅದರೊಳಗೆ ಅರಗನ್ನು ತುಂಬುವುದು ರೂಢಿ. ಆ ಪೊಳ್ಳಿನಲ್ಲಿ ಹಿಡಿಯುವ ಅರಗು ಸುಮಾರು 0.11 ಗ್ರಾಂ. ತುಂಬಿದ ಗುಂಡನ್ನು ಹಾಗೆಯೇ ತಕ್ಕಡಿಗೆ ಹಾಕಿ ಚಿನ್ನದ ದರ ಹಚ್ಚಿದರೆ, ಕೊಂಡವಳು ತೆತ್ತ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅರಗಿಗೆ ಸಲ್ಲುತ್ತದೆ. (ಚಿನ್ನದಂಗಡಿಯ ತಕ್ಕಡಿಗೆ ಗಾಜಿನ ಮನೆ ಕಟ್ಟಿರುವುದು ಗಾಳಿ ತಾಗದಿರಲೆಂದೇ ಹೊರತು ಅರಗು ತಾಗದಿರಲೆಂದಲ್ಲ.)

ಹಾಗೆಂದು ಟೊಳ್ಳು ಆಭರಣವೇ ವಂಚನೆಯೆಂದು ತೀರ್ಪು ಕೊಡುವುದು ಅವಸರದ ಮಾತಾದೀತು. ಗುಂಡು ಟೊಳ್ಳೆಂದು ತಿಳಿದು, ನಿವ್ವಳ ಚಿನ್ನಕ್ಕಷ್ಟೇ ಹಣ ಕೊಟ್ಟು ಕೊಳ್ಳುವವಳಿಗೆ ಯಾರೂ ಮೋಸ ಮಾಡಿಲ್ಲ. ಗಟ್ಟಿ ಗುಂಡು ಕೊಳ್ಳಲು ಸಾಲ ಮಾಡಬೇಕಾದ ಮನೆಗೆ ಟೊಳ್ಳು ಗುಂಡು ಒಂದು ಉಪಕಾರವೇ ಸರಿ. ಪರಿಗ್ರಹಪರಿಮಾಣದ ದೃಷ್ಟಿಯಿಂದಲೂ, ಅದೇ ಸಂಪ್ರದಾಯವನ್ನು ಏಳನೆಯ ಒಂದು ಪಾಲು ಚಿನ್ನದಲ್ಲಿ ನೆರವೇರಿಸುವುದು ಆಕ್ಷೇಪಾರ್ಹವಲ್ಲ. ದೋಷವಿರುವುದು ಪೊಳ್ಳಿನಲ್ಲಲ್ಲ, ಪೊಳ್ಳನ್ನು ಮರೆಮಾಡುವುದರಲ್ಲಿ.

ಮರೆಮಾಡುವವನು ವ್ಯಾಪಾರಿ, ನಾನು ಕೊರೆದದ್ದು ಬರಿಯ ಉಕ್ಕು, ಎಂದು ಅಚ್ಚಿನವನು ಹೇಳಬಹುದು. ಈ ಸಮಾಧಾನವನ್ನು ಸಿದ್ಧಾಂತವು ಪೂರ್ಣವಾಗಿ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಜೀವ, ಅಜೀವಗಳೆರಡನ್ನೂ ಅಧಿಕರಣವೆಂದು ಹೇಳಿ, ಅಜೀವಾಧಿಕರಣದಲ್ಲಿ ಮೊದಲಿಗೆ ನಿರ್ವರ್ತನೆಯನ್ನು, ಅಂದರೆ ರಚನೆಯನ್ನು, ಇಡುತ್ತದೆ. ಜೀವಾಧಿಕರಣದ ನೂರೆಂಟು ಭೇದಗಳಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರೂ ಗಣನೆಗೆ ಬರುತ್ತವೆ. ಆದರೆ ಅದೇ ಅಧ್ಯಾಯವು ತೀವ್ರ, ಮಂದ, ಜ್ಞಾತ, ಅಜ್ಞಾತ ಎಂಬ ಭಾವಭೇದದಿಂದ ಆಸ್ರವದಲ್ಲಿಯೂ ಭೇದವುಂಟೆಂದು ಹೇಳಿ ಕುಶಲಕರ್ಮಿಗೆ ನ್ಯಾಯವನ್ನೂ ಒದಗಿಸಿದೆ. 0.15ರ ಸಂದುಳ್ಳ ಅಚ್ಚನ್ನು ಕೊಟ್ಟವನು, ಅದರಿಂದಾದ ಗುಂಡನ್ನು ಮುಂದೆ ಯಾರೋ ಗಟ್ಟಿಯೆಂದು ಹೇಳಿ ಮಾರಿದರೆ, ಅಜ್ಞಾತದ ಕಕ್ಷೆಯಲ್ಲಿಯೇ ಉಳಿಯುತ್ತಾನೆ. ಅರಗಿಲ್ಲದೆ ನಿಲ್ಲಲಾರದ ಚಿಪ್ಪಿಗೆಂದೇ, ಅರಗಿನ ತೂಕ ಚಿನ್ನದ ಲೆಕ್ಕಕ್ಕೆ ಸೇರುವುದೆಂದು ಬಲ್ಲವನಾಗಿಯೂ, ಸಂದನ್ನು ಕಿರಿದುಮಾಡಿಕೊಟ್ಟವನಿಗೆ ಈ ಆಶ್ರಯವಿಲ್ಲ. ಇನ್ನು ಶುದ್ಧತೆಯ ಸುಳ್ಳು ಮುದ್ರೆಯೊತ್ತುವ ಠಸ್ಸೆಯನ್ನು ಕೊರೆದುಕೊಡುವವನ ವಿಷಯದಲ್ಲಿ ಚರ್ಚೆಗೇ ಎಡೆಯಿಲ್ಲ. ಆ ಉಪಕರಣಕ್ಕೆ ಬೇರೆ ಸದುಪಯೋಗವೇ ಇಲ್ಲವಷ್ಟೆ.

ಅರಗಿನ ಮಾತು ತೂಕದೊಂದಿಗೇ ಮುಗಿಯುವುದಿಲ್ಲ. ಅರಗು ಮರದ ರಾಳವಲ್ಲ; ಮುತ್ತುಗ, ಜಾಲಿ, ಬೋರೆಗಳ ಎಳೆಯ ಕೊಂಬೆಗಳಲ್ಲಿ ಗುಂಪುಗುಂಪಾಗಿ ನೆಲೆಸುವ ಸಣ್ಣ ಕೀಟಗಳು ತಮ್ಮ ಮೈಯ ಸುತ್ತ ಸ್ರವಿಸುವ ಹೊದಿಕೆ. ಕೊಂಬೆಯಿಂದ ಅದನ್ನು ಕೆರೆದು ಕುಟ್ಟಿ ತೊಳೆಯುವಾಗ ಅಳಿಯುವ ಜೀವಗಳು ಅಸಂಖ್ಯ. ಶ್ರಾವಕನು ವರ್ಜಿಸತಕ್ಕ ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವು ಸೇರಿರುವುದು ಈ ಕಾರಣದಿಂದಲೇ. ಹೀಗಾಗಿ ಐದು ನೂರರಲ್ಲೊಂದು ಅಂಗುಲದಷ್ಟೂ ಇಲ್ಲದ ದಪ್ಪದ ಕಡಿತವೊಂದು ಅಚೌರ್ಯವನ್ನಲ್ಲದೆ ಅಹಿಂಸೆಯನ್ನೂ ಮುಟ್ಟುತ್ತದೆ. ಅರಗಿಲ್ಲದ ಗುಂಡಿಗೆ ಚಿನ್ನ ಹೆಚ್ಚು ಬೇಕು, ಬೆಲೆ ಏರುತ್ತದೆ, ಬಡವರ ಕೈಗೆ ಎಟುಕುವುದು ಕಷ್ಟವೆಂಬುದು ನಿಜ. ಈ ಇಕ್ಕಟ್ಟಿನಿಂದ ಪಾರಾಗಲು ಗುಂಡನ್ನು ತೆಳುಮಾಡುವುದಕ್ಕಿಂತ ಸಣ್ಣದು ಮಾಡುವುದು ಲೇಸು. ನಾಲ್ಕು ಮಿಲಿಮೀಟರಿನ ಗುಂಡನ್ನು 0.15ರ ತಗಡಿನಲ್ಲಿಯೇ ಮಾಡಿದರೆ ಅದಕ್ಕೆ ಬೇಕಾದ ಚಿನ್ನ 0.12 ಗ್ರಾಂ ಮಾತ್ರ. ಚಿಪ್ಪು ಚಿಕ್ಕದಾದಷ್ಟೂ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ದೊಡ್ಡದಾಗಿ ಕಾಣಬೇಕೆಂಬ ಹಂಬಲವನ್ನು ಬಿಟ್ಟರೆ ಸಾಕು. ಆದರೆ ಮದುವೆಯ ಮನೆಯಲ್ಲಿ ಅದನ್ನು ಬಿಡಿಸುವುದು ಉಕ್ಕನ್ನು ಕೊರೆಯುವುದಕ್ಕಿಂತ ಕಠಿಣ.

ಕಾನೂನು ಈ ಕೆಲಸವನ್ನು ನೋಡಿಕೊಳ್ಳುವುದೆಂದು ನಂಬುವವರುಂಟು. ಭಾರತೀಯ ಮಾನಕ ಬ್ಯೂರೋ ಚಿನ್ನದ ಹಾಲ್‌ಮಾರ್ಕಿಂಗ್ ಆರಂಭಿಸಿದ್ದು 2000ದಲ್ಲಿ. ಅದು ಹಂತಹಂತವಾಗಿ ಕಡ್ಡಾಯವಾಗತೊಡಗಿದ್ದು 2021ರ ಜೂನ್‌ನಿಂದ. ಇದು ದೊಡ್ಡ ರಕ್ಷಣೆಯೇ. ಆದರೆ 916 ಎಂಬ ಅಂಕೆ ಹೇಳುವುದು ಸಾವಿರದಲ್ಲಿ ಎಷ್ಟು ಪಾಲು ಶುದ್ಧ ಚಿನ್ನವೆಂಬುದನ್ನು. ಚಿಪ್ಪಿನ ದಪ್ಪವನ್ನಾಗಲಿ ಹತ್ತು ವರ್ಷಗಳ ಬಳಿಕ ಅದರ ಗತಿಯನ್ನಾಗಲಿ ಅಲ್ಲ.

ದೇವಾಲಯಗಳ ಆಡಳಿತ ಮಂಡಳಿಗಳಿಗೂ ಈ ವಿಷಯ ದೂರದ್ದಲ್ಲ. ವೀತರಾಗ ಬಿಂಬಕ್ಕೆ ಆಭರಣದ ಹಂಗಿಲ್ಲದಿದ್ದರೂ, ಹೊಂಬುಜದ ಪದ್ಮಾವತಿ, ನರಸಿಂಹರಾಜಪುರದ ಜ್ವಾಲಾಮಾಲಿನಿಯರಂಥ ಶಾಸನದೇವತೆಯರಿಗೆ ಭಕ್ತರು ಒಡವೆ ಒಪ್ಪಿಸುವುದು ನಾಡಿನ ಎಲ್ಲೆಡೆಯ ರೂಢಿ. ದಾನದ ಪುಸ್ತಕದಲ್ಲಿ ಒಂದೇ ತೂಕವನ್ನು ಬರೆದರೆ, ಅದರಲ್ಲಿ ಅರಗೆಷ್ಟು ಎಂಬುದು ಮುಂದೊಂದು ದಿನ ಒಡವೆ ಕರಗಿಸಿದಾಗ ಬೆಳಕಿಗೆ ಬಂದು, ನಿರಪರಾಧಿಯಾದ ಅಂದಿನ ಕಾರ್ಯದರ್ಶಿಯ ಮೇಲೆ ಸಂಶಯ ಮೂಡುವುದು ಅಸಂಭವವಲ್ಲ. ಪಾವಗಡದ ನೆರೆಯ, ಇಂದು ಆಂಧ್ರಕ್ಕೆ ಸೇರಿದ ಅಮರಾಪುರದಲ್ಲಿ 1278ರ ಒಂದು ಶಾಸನವಿದೆ. ನಿಡುಗಲ್ಲಿನಿಂದ ಇರುಂಗೋಳ ಚೋಳನು ಆಳುತ್ತಿದ್ದ ಕಾಲದಲ್ಲಿ ಮಲ್ಲಿಸೆಟ್ಟಿಯೆಂಬ ಶ್ರಾವಕನು ತೈಲಂಗೆರೆಯ ಬ್ರಹ್ಮಜಿನಾಲಯದ ಪಾರ್ಶ್ವದೇವರಿಗೆ ಎರಡು ಸಾವಿರ ಅಡಕೆ ಮರಗಳನ್ನು ಕೊಟ್ಟನೆಂದು ಅದು ತಿಳಿಸುತ್ತದೆ. ‘ಒಂದು ತೋಟ’ ಎಂದು ಕೆತ್ತಿಸಿದ್ದರೆ ಸಾಲದೆಂದು ಆ ಸೆಟ್ಟಿಗೆ ತೋರಿರಬೇಕು. ಇಂದಿನ ದಾನದ ಪುಸ್ತಕದಲ್ಲಿಯೂ ಒಟ್ಟು ತೂಕ, ಅರಗಿನ ತೂಕ, ನಿವ್ವಳ ಚಿನ್ನ ಎಂಬ ಮೂರು ಅಂಕಣಗಳನ್ನು ಹಾಕಲು ಅಡ್ಡಿಯೇನೂ ಇಲ್ಲ. ಹಳೆಯ ಒಡವೆಗಳನ್ನು ಕತ್ತರಿಸಿ ನೋಡಲು ಭಕ್ತರು ಒಪ್ಪಲಾರರು. ಅಂಗಡಿಯ ಕ್ಷಕಿರಣ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ. ಆದರೆ ಒಡವೆಯನ್ನು ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಿನಲ್ಲಿ ಮುಳುಗಿಸಿ ತೂಗಿದರೆ ಗಟ್ಟಿ ಯಾವುದು, ತುಂಬಿದ್ದು ಯಾವುದು ಎಂಬ ಸುಳಿವು ಸಿಗುತ್ತದೆ. ಅದಕ್ಕೆ ಬೇಕಾದದ್ದು ಒಂದು ನವಿರಾದ ತಕ್ಕಡಿ, ಒಂದು ಎಳೆ ದಾರ, ಒಂದು ಬಟ್ಟಲು ಶೋಧಿಸಿದ ನೀರು.